ಹೊಳೆಯಾಚೆ ಮುದುಕಿಯ ಪರ ನನ್ನ ವಕಾಲತ್ತು

ಭಾನುವಾರ ಅವಳನ್ನು ನೇಣಿಗೆ ಹಾಕುವುದೆಂದು ಬುಧವಾರವೇ ತೀರ್ಮಾನವಾಗಿತ್ತು. ತೀರ್ಮಾನ ಮಾಡಿದವರು ನನ್ನ ಮೊಮ್ಮಗಳು ಮತ್ತು ಅವಳ ಇಬ್ಬರು ಕಾಲೇಜು ಸ್ನೇಹಿತರು. ನಾನು ಪಕ್ಕದಲ್ಲೇ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ನನ್ನನ್ನು ಯಾರೂ ಒಂದು ಮಾತು ಕೇಳಲಿಲ್ಲ. ನೇಣಿಗೇರಬೇಕಾದವಳನ್ನೂ ಯಾರೂ ಕೇಳಲಿಲ್ಲ.

ಪೊಲೀಸರಿಗೆ ಫೋನ್ ಮಾಡಲು ಹೋಗಬೇಡಿ. ಅವಳು ಇದ್ದದ್ದು ನಮ್ಮ ನಡುಮನೆಯ ಟಿ.ವಿ. ಒಳಗೆ.

ಮೊಮ್ಮಗಳು ಭಾರತೀನಗರದ ಕಾಲೇಜಿನಲ್ಲಿ ಓದುತ್ತಾಳೆ. ಆತಗೂರಿನ ಹತ್ತಿರದ ನಮ್ಮ ಹಳ್ಳಿಯಿಂದ ಬೆಳಿಗ್ಗೆ ಬಸ್ಸಿಗೆ ಹೋಗಿ, ಸಂಜೆ ಕಬ್ಬಿನ ಲಾರಿಗಳ ಹಿಂದೆ ತೆವಳಿಕೊಂಡು ಬರುವ ಬಸ್ಸಿನಲ್ಲಿ ಮನೆ ಸೇರುತ್ತಾಳೆ. ಕೈಕಾಲು ತೊಳೆದು, ಕಾಫಿ ಲೋಟ ಹಿಡಿದು, ಟಿ.ವಿ.ಗೆ ಆಟದ ಒಂದು ಕರಿ ಪೆಟ್ಟಿಗೆ ಸಿಕ್ಕಿಸಿ ಕೂತಳೆಂದರೆ ಆಮೇಲೆ ಅವಳು ನಮ್ಮೂರಿನವಳಲ್ಲ. ಬೆನ್ನಿಗೆ ಬಿಲ್ಲು ಕಟ್ಟಿಕೊಂಡು, ಮಂಜು ಕವಿದ ಯಾವುದೋ ರಾಜ್ಯದಲ್ಲಿ ಕುದುರೆ ಓಡಿಸುವ ಹುಡುಗಿ. ಸೊಸೆ ಅಡುಗೆಮನೆಯಿಂದ ಕೂಗಿದರೂ ಆ ಹುಡುಗಿಗೆ ಕೇಳಿಸುವುದಿಲ್ಲ, ಯಾಕೆಂದರೆ ಅಲ್ಲಿ ತೋಳಗಳು ಊಳಿಡುತ್ತಿರುತ್ತವೆ.

ಮೊದಮೊದಲು ನಾನೂ ಇದು ಬರೀ ಹೊಡೆದಾಟ ಅಂದುಕೊಂಡಿದ್ದೆ. ಅಲ್ಲ, ಇದು ಕಥೆ. ನಡುನಡುವೆ ಕಥೆ ನಿಂತು ಆಡುವವರನ್ನೇ ಕೇಳುತ್ತದೆ: ಈಗೇನು ಮಾಡುತ್ತೀಯ? ಹೋಗುತ್ತೀಯಾ, ಇರುತ್ತೀಯಾ? ನಿಜ ಹೇಳುತ್ತೀಯಾ, ಸುಳ್ಳು ಹೇಳುತ್ತೀಯಾ? ಕೈಯಲ್ಲಿರುವ ಗುಂಡಿ ಒತ್ತಿದರೆ ಕಥೆ ಆ ಕಡೆಗೇ ತಿರುಗುತ್ತದೆ. ಗುಂಡಿ ಮೊಮ್ಮಗಳ ಕೈಯಲ್ಲಿರುತ್ತದೆ, ಆದರೆ ದೊಡ್ಡ ತೀರ್ಮಾನಗಳಿಗೆಲ್ಲ ಮೂವರ ಓಟು. ಒಬ್ಬಳು ಇವಳು, ಇನ್ನೊಬ್ಬಳು ಹಾಸ್ಟೆಲಿನಲ್ಲಿರುವ ಮಳವಳ್ಳಿ ಹುಡುಗಿ, ಮೂರನೆಯವನು ಮದ್ದೂರಿನಿಂದ ಓಡಾಡುವ ಹುಡುಗ. ಇವಳು ಆಡುವುದನ್ನು ಅವರಿಬ್ಬರೂ ಫೋನಿನಲ್ಲಿ ನೋಡುತ್ತಾರೆ, ತಮ್ಮ ಅಭಿಪ್ರಾಯವನ್ನು ಗುಂಪಿನಲ್ಲಿ ಬರೆದು ಹಾಕುತ್ತಾರೆ. ಅವರದೊಂದು ಕಟ್ಟುನಿಟ್ಟಿನ ನಿಯಮವಿದೆ: ಒಮ್ಮೆ ಒತ್ತಿದ ಮೇಲೆ ಹಿಂದಕ್ಕೆ ಹೋಗಿ ಬೇರೆ ಒತ್ತುವಂತಿಲ್ಲ. ಸತ್ತವರು ಸತ್ತಂತೆ. ಆ ಬಿಲ್ಲಿನ ಹುಡುಗಿಯೇ ಸತ್ತರೆ ಮಾತ್ರ ಕಥೆ ಮೊದಲಿನಿಂದ.

ಮಾತೆಲ್ಲ ಇಂಗ್ಲಿಷಿನಲ್ಲಿ. ಮೊಮ್ಮಗಳು ನನಗೆ ಓದಿ ಹೇಳುತ್ತಾಳೆ. ಹಾಗಾಗಿ ಆ ಮಂಜಿನ ರಾಜ್ಯದ ರಾಜ ಬಂಗಾರದ ಕಿರೀಟ ಇಟ್ಟುಕೊಂಡು, "ಯಾವನ್ಲಾ ಅವ್ನು, ಒಳಗ್ ಬುಡ್ರಲಾ ನೋಡವ" ಅನ್ನುತ್ತಾನೆ. ನನಗಂತೂ ಅವರೆಲ್ಲ ಬೆಸಗರಹಳ್ಳಿ ಬಸ್‌ಸ್ಟಾಪಿನಲ್ಲಿ ದಿನಾ ಕಾಣುವವರ ಹಾಗೇ ಕಂಡರು.

ಇನ್ನು ಆ ಮುದುಕಿಯ ವಿಷಯ.

ರಾಜನನ್ನು ಅವನ ತಮ್ಮನೇ ಕೊಂದು ಪಟ್ಟಕ್ಕೆ ಕೂತಿರುತ್ತಾನೆ. ಸತ್ತ ರಾಜನ ಮಗ, ಹದಿಹರೆಯದ ರಾಜಕುಮಾರ, ಭುಜಕ್ಕೆ ಬಾಣ ತಗುಲಿಸಿಕೊಂಡು ಕಾಡಿನಲ್ಲಿ ಬಿದ್ದಿರುತ್ತಾನೆ. ನಮ್ಮ ಬಿಲ್ಲಿನ ಹುಡುಗಿ ಅವನನ್ನು ಕುದುರೆ ಮೇಲೆ ಹಾಕಿಕೊಂಡು, ಹೊಳೆ ದಾಟಿ, ಒಂಟಿ ಗುಡಿಸಿಲಿನ ಮುದುಕಿಯ ಹತ್ತಿರ ತರುತ್ತಾಳೆ. ಮುದುಕಿ ಅವನನ್ನು ಒಲೆ ಮುಂದೆ ಮಲಗಿಸಿ ಗಾಯ ತೊಳೆಯುತ್ತಾಳೆ. ಆಮೇಲೆ ಮಡಕೆಯಿಂದ ಒಂದು ಬಟ್ಟಲು ಗಂಜಿ ಬಗ್ಗಿಸಿ ಹುಡುಗಿಯ ಮುಂದೆ ಹಿಡಿಯುತ್ತಾಳೆ. ಕುಡಿಯುತ್ತೀಯಾ, ಇಲ್ಲವಾ ಎಂದು ಆಟ ಕೇಳಿತು. ಇದಕ್ಕೆಲ್ಲ ಓಟು ಬೇಡವೆಂದು ಮೊಮ್ಮಗಳು ತಾನೇ "ಬೇಡ" ಒತ್ತಿದಳು.

"ಒಳ್ಳೆ ಕೆಲ್ಸ ಮಾಡ್ದೆ ಮಗ," ಅಂದೆ ನಾನು. "ಕೇಳಿದ್ ತಕ್ಸಣ ಈಸ್ಕಂಡು ಕುಡುದ್ರೆ ಏನನ್ಕಂಡಾಳು."

ಯಾರ ಮನೆಗೆ ಹೋದರೂ ಮೊದಲ ಸಲ ಬೇಡ ಅನ್ನಬೇಕು, ಎರಡನೇ ಸಲ ಈಗ ತಾನೇ ಉಂಡೆ ಅನ್ನಬೇಕು, ಮೂರನೇ ಸಲ ಅವರು ಕೈ ಹಿಡಿದು ಎಳೆದಾಗ ನಿಮ್ಮ ಬಲವಂತಕ್ಕೆ ಒಂಚೂರು ಅನ್ನಬೇಕು. ಇದನ್ನು ಮೊಮ್ಮಗಳಿಗೆ ನಡೆಯಲು ಕಲಿಸುವಾಗಲೇ ಕಲಿಸಿದ್ದೆ. ಆದರೆ ಮುದುಕಿ ಎರಡನೇ ಸಲ ಕೇಳಲಿಲ್ಲ. ಬಟ್ಟಲನ್ನು ಮಡಕೆಗೆ ವಾಪಸು ಸುರಿದಳು, ಮುಚ್ಚಳ ಮುಚ್ಚಿದಳು, ಬೆನ್ನು ತಿರುಗಿಸಿ ಕೂತಳು. "ಎಂತಾ ಮುದ್ಕಿ ಇವ್ಳು!" ಅಂದುಕೊಂಡು ನಾನು ನನ್ನ ಅವರೆಕಾಯಿಗೆ ತಿರುಗಿದೆ.

ಹುಡುಗಿ ಬೆಟ್ಟದಿಂದ ಔಷಧಿ ಬೇರು ತರಲು ಹೋಗಿ, ಒಂದಷ್ಟು ದಿನ ಒದ್ದಾಡಿ ಬಂದು ನೋಡಿದರೆ ರಾಜಕುಮಾರನಿಲ್ಲ. ಅಂಗಳದ ತುಂಬಾ ಸೈನಿಕರ ಕುದುರೆ ಹೆಜ್ಜೆ. ಮುದುಕಿ ಒಲೆ ಮುಂದೆ ಹೆಗಲಿಗೆ ಕೆಂಪು ಶಾಲು ಹೊದ್ದು ಆರಾಮಾಗಿ ಕೂತಿದ್ದಾಳೆ. ಬಿಲ್ಲಿನ ಹುಡುಗಿಯ ಕಡೆಯವರು ಅವಳನ್ನು ಕಟ್ಟಿ ತಂದು ಸೆರೆಗೆ ಹಾಕಿದರು. ನ್ಯಾಯ ಹೇಳಬೇಕಾದವಳು ನಮ್ಮ ಹುಡುಗಿಯೇ. ನೇಣೋ, ಬಿಡುಗಡೆಯೋ? ಹೊಸ ಶಾಲಿನ ಲಂಚಕ್ಕೆ ರಾಜಕುಮಾರನನ್ನು ಸೈನಿಕರಿಗೆ ಮಾರಿಕೊಂಡಳೆಂದು ಫೋನಿನಲ್ಲಿ ಮೂರಕ್ಕೆ ಮೂರು ಓಟು ನೇಣಿಗೆ ಬಿತ್ತು. ಭಾನುವಾರ ಮೂವರೂ ನಮ್ಮ ಮನೆಯಲ್ಲಿ ಸೇರಿ, ಒಟ್ಟಿಗೆ ಕೂತು ಆ ಗುಂಡಿ ಒತ್ತುವುದೆಂದಾಯಿತು.

ನನಗೆ ಕೈಯಲ್ಲಿದ್ದ ಕಾಯಿ ಸುಲಿಯಲು ಮನಸ್ಸು ಬರಲಿಲ್ಲ.

"ಲೇ, ಅವ್ಳು ಮಾರ್ಕಂಡಿದ್ರೆ ಅಲ್ಲೇ ಯಾಕ್ ಕುಂತಿರ್ತಿದ್ಲು? ನೀನು ಬಿಲ್ಲು ಇಡ್ಕಂಡು ವಾಪಸ್ ಬತ್ತೀಯ ಅಂತ ಗೊತ್ತಿಲ್ವಾ ಅವ್ಳಿಗೆ?"

"ಅಜ್ಜಿ, ಅದು ಗೇಮು. ಅವ್ಳು ಎಲ್ಲಿಗ್ ಓಯ್ತಾಳೆ? ಪ್ರೋಗ್ರಾಮ್ ಮಾಡಿರೋದೇ ಅಷ್ಟು."

"ಮಾಡ್ದೋರು ಮನುಸ್ರು ತಾನೆ? ಸುಮ್ಸುಮ್ನೆ ಮಾಡ್ತರಾ?"

"ಅದ್ನೆಲ್ಲಾ ಗುಂಪಲ್ಲಿ ಏಳು. ನಾನು ಜಡ್ಜು. ಜಡ್ಜ್ ಅತ್ರ ಮನೇಲಿ ಮಾತಾಡಂಗಿಲ್ಲ."

ತಮಾಷೆಗೆ ಅಂದಳು. ನಾನು ತಮಾಷೆಗೆ ತೆಗೆದುಕೊಳ್ಳಲಿಲ್ಲ. ಗುಂಪಿಗೆ ಸೇರಿಸು ಅಂದೆ. ಓಟಿಲ್ಲ, ಬರೀ ಮಾತು ಎಂಬ ಷರತ್ತಿನ ಮೇಲೆ ಸೇರಿಸಿದಳು. ದನಿ ರೆಕಾರ್ಡು ಮಾಡಿ ಕಳಿಸೋಣವೆಂದರೆ ಅದೂ ಇಲ್ಲ. ಹಾಸ್ಟೆಲಿನಲ್ಲಿ ಎಲ್ಲರ ಎದುರು ಕೇಳಿಸಿಕೊಳ್ಳಲು ಆಗುವುದಿಲ್ಲವಂತೆ. ಟೈಪೇ ಮಾಡಬೇಕು. ನಾನು ಅಲ್ಲಿಯವರೆಗೆ ಫೋನಿನಲ್ಲಿ ಹಸಿರು ಒತ್ತಿ ಮಾತಾಡುವುದು, ಕೆಂಪು ಒತ್ತಿ ಸುಮ್ಮನಾಗುವುದು ಬಿಟ್ಟು ಬೇರೇನೂ ಮಾಡಿದವಳಲ್ಲ.

ಗುರುವಾರ ಬೆಳಿಗ್ಗೆ ಜಗುಲಿ ಮೇಲೆ ಕೂತು ಶುರು ಮಾಡಿದೆ. ಸೊಸೆ ಕನ್ನಡದ ಅಕ್ಷರದ ಮಣೆ ತೆರೆದು ಕೊಟ್ಟು ಹೋದಳು. ಅಕ್ಷರಗಳೇನೋ ಇದ್ದವು. ಒತ್ತಕ್ಷರ ಎಲ್ಲಿದೆ? ಸ್ಲೇಟಿನಲ್ಲಾದರೆ ಕೆಳಗೆ ಎಳೆದುಬಿಡುತ್ತಿದ್ದೆವು, ಇಲ್ಲಿ ಕೆಳಗೆ ಎಳೆದರೆ ಪರದೆಯೇ ಮಾಯ. ನನ್ನ ಹೆಬ್ಬೆರಳು ಒಂದು ಮನೆಯ ಮೇಲೆ ಇಟ್ಟರೆ ಮೂರು ಮನೆ ಮುಟ್ಟುತ್ತದೆ. ಕೊನೆಗೆ ತೋರುಬೆರಳಿನ ತುದಿಯಲ್ಲಿ, ಅನ್ನ ಬೆಂದಿದೆಯಾ ಎಂದು ಅಗುಳು ಮುಟ್ಟಿ ನೋಡುವ ಹಾಗೆ, ಒಂದೊಂದನ್ನೇ ಮುಟ್ಟಿದೆ. "ಅವಳು ಮಾರಿಲ" ಎನ್ನುವಷ್ಟರಲ್ಲಿ ಬೆರಳು ಎಲ್ಲೋ ತಗುಲಿ ಮೆಸೇಜು ಹೊರಟೇಹೋಯಿತು.

ಮಳವಳ್ಳಿ ಹುಡುಗಿಯಿಂದ ತಕ್ಷಣ ಉತ್ತರ ಬಂತು: "ಇದ್ಯಾರು? ಯಾರನ್ನ ಮಾರಿಲ್ಲ?"

ಮದ್ದೂರಿನವನು ಬರೆದ: "ಅವ್ರಜ್ಜಿ ಕಣೆ. ಮುದುಕಿ ಪರ ಲಾಯರ್ ಆಗವ್ರೆ."

ಅದರ ಹಿಂದೆ ಹಲ್ಲು ಕಿರಿಯುವ ಮುಖಗಳ ಸಾಲು. ನಗಲಿ ಬಿಡಿ ಅಂದುಕೊಂಡು ಎರಡನೇ ಮೆಸೇಜಿಗೆ ಕೈ ಹಾಕಿದೆ. ಹಾಲಿನವನು ಬಂದು ಹೋದ, ಬಿಸಿಲು ಜಗುಲಿಯಿಂದ ಇಳಿದು ಬೀದಿಗೆ ಹೋಯಿತು, ನನ್ನ ಮೆಸೇಜು ಮುಗಿಯಿತು: "ಹೊಸ ಶಾಲು ಲಂಚ ಅಂತೀರಲ್ಲ, ಅದು ಹೊಸದಾ? ಸರಿಯಾಗಿ ನೋಡಿದ್ರಾ?"

"ಕೆಂಪಗೆ ಮಿರಮಿರ ಅಂತದೆ ಅಜ್ಜಿ. ಬಡ ಮುದುಕಿಗೆ ಅದೆಲ್ಲಿಂದ ಬಂತು? ಸೈನಿಕರು ಕೊಟ್ಟಿರೋದು. ಕೇಸ್ ಮುಗೀತು," ಎಂದು ಮಳವಳ್ಳಿಯವಳು ಬರೆದಳು. ಆ ಹುಡುಗಿ ಟೈಪು ಮಾಡುವುದು ಹುರುಳಿ ಹುರಿದ ಹಾಗೆ, ಪಟಪಟಪಟ.

ನಾನು ಸಂಜೆವರೆಗೆ ಕಾದೆ. ಮೊಮ್ಮಗಳು ಬಂದ ಕೂಡಲೇ ಆ ಗುಡಿಸಿಲಿನ ದೃಶ್ಯ ತೆಗೆಸಿದೆ. ಆಟ ಹಿಂದಕ್ಕೆ ಹೋಗಬಾರದು, ಆದರೆ ಆಡಿದ್ದನ್ನು ಮತ್ತೆ ನೋಡಬಹುದಂತೆ. ಶಾಲಿನ ಮೇಲೆ ನಿಲ್ಲಿಸು ಅಂದೆ. ಹತ್ತಿರ ತಾ ಅಂದೆ. ಇನ್ನೂ ಹತ್ತಿರ. ಹೆಗಲ ಹತ್ತಿರ ಕೆಂಪು ಬಟ್ಟೆಯ ಮೇಲೆ ಬಿಳಿ ದಾರದ ಹೊಲಿಗೆ ಕಂಡಿತು. ತೂತು ಬಿದ್ದ ಕಡೆ ಸುತ್ತಲೂ ಎಳೆದು ಹೊಲಿದಿದ್ದರು.

"ಲಂಚಕ್ಕೆ ಹರ್ದೋಗಿರೋ ಶಾಲು ಕೊಡ್ತರಾ ಮಗ? ರಾಜ್ಕುಮಾರನ್ಗೆ ಬಾಣ ಬಿದ್ದುದ್ದು ಎಲ್ಲಿಗೆ?"

ಮೊಮ್ಮಗಳು ನನ್ನನ್ನೇ ನೋಡಿದಳು. "ಭುಜಕ್ಕೆ," ಅಂದಳು ಮೆಲ್ಲಗೆ. ಆಮೇಲೆ ಜಡ್ಜು ಎಂಬುದನ್ನು ಮರೆತು, ಆ ಚಿತ್ರವನ್ನು ತಾನೇ ಗುಂಪಿಗೆ ಕಳಿಸಿದಳು.

ಶುಕ್ರವಾರವೆಲ್ಲ ಅದರದೇ ಜಗಳ. ಅದು ರಾಜಕುಮಾರನದೇ ಶಾಲು ಎಂದು ಮೂವರೂ ಒಪ್ಪಿದರು. ಆದರೆ ಮಳವಳ್ಳಿಯವಳು ಜಾಗ ಬಿಟ್ಟು ಕದಲಲಿಲ್ಲ. ಅವನಿಂದ ಕಿತ್ತುಕೊಂಡಿದ್ದಾಳೆ, ಮಾರಿದ್ದೂ ಅಲ್ಲದೆ ಕದ್ದೂ ಇದ್ದಾಳೆ ಅಂದಳು. ಕದ್ದವಳು ಕೂತು ಹೊಲಿಯುತ್ತಾಳಾ ಎಂದು ನಾನು. ಹೊದೆಯಬೇಕಲ್ಲ, ಅದಕ್ಕೆ ಎಂದು ಅವಳು. ಒಲೆ ಪಕ್ಕದಲ್ಲಿ ಒಂದು ಬಟ್ಟಲ ಮೇಲೆ ತಟ್ಟೆ ಮುಚ್ಚಿಟ್ಟಿದೆ, ಯಾರೋ ಬರುತ್ತಾರೆಂದು ತಾನೇ ಊಟ ಮುಚ್ಚಿಡುವುದು, ಅವನು ಆ ಗುಡಿಸಿಲಿನ ನೆಲದಡಿ ಎಲ್ಲೋ ಅಡಗಿದ್ದಾನೆ, ಮುದುಕಿಯೇ ಬಚ್ಚಿಟ್ಟಿದ್ದಾಳೆ ಎಂದು ನಾನು ಶನಿವಾರ ಬೆಳಿಗ್ಗೆಯೆಲ್ಲ ಕೂತು ಬರೆದೆ.

ಮದ್ದೂರಿನವನು ಬೇರೆಯೇ ವಾದ ತೆಗೆದ. "ಅಜ್ಜಿ, ಇದು ಕಥೆ ಬರ್ದವರ ತಪ್ಪು. ಮುದುಕಿ ಯಾಕಂಗ್ ಮಾಡಿದ್ಲು ಅಂತ ಅವ್ರಿಗೇ ಗೊತ್ತಿಲ್ಲ. ಕಥೆ ಓಡ್ಲಿ ಅಂತ ರಾಜ್ಕುಮಾರನ್ನ ಎತ್ತಾಕ್ಸವ್ರೆ ಅಷ್ಟೆ."

"ಗೊತ್ತಿಲ್ದೋರು ಮಡಕೆ ಮುಚ್ಚಿದ್ದನ್ನ ಅಷ್ಟೊತ್ತು ಯಾಕೆ ತೋರ್ಸಿದ್ರು?" ಎಂದು ಬರೆದೆ.

ಬರೆದಾದ ಮೇಲೆ ನನಗೇ ಹೌದಲ್ಲ ಅನ್ನಿಸಿತು. ಗಂಜಿ ಬೇಡ ಅಂದದ್ದು ಸಣ್ಣ ವಿಷಯವಾಗಿದ್ದರೆ ಆಟ ಅದನ್ನು ಅಲ್ಲಿಗೇ ಬಿಟ್ಟು ಮುಂದೆ ಓಡಬೇಕಿತ್ತು. ಬಿಡಲಿಲ್ಲ. ಬಟ್ಟಲು ವಾಪಸು ಸುರಿದದ್ದು, ಮುಚ್ಚಳ, ತಿರುಗಿಸಿದ ಬೆನ್ನು, ಒಂದೊಂದನ್ನೂ ತೋರಿಸಿತ್ತು. ಅವಳನ್ನು ಎಂತಾ ಮುದುಕಿ ಎಂದು ಬೈದುಕೊಂಡಿದ್ದೆನಲ್ಲ, ಅವಳೂ ಆ ಹೊತ್ತಿಗೆ ಎಂತಾ ಹುಡುಗಿ ಇವಳು ಎಂದುಕೊಂಡಿದ್ದರೆ? ಮೊಮ್ಮಗಳನ್ನು ಕೇಳಿದೆ, ಸೆರೆಮನೆಯಲ್ಲಿ ಅವಳನ್ನು ಮಾತಾಡಿಸಲು ಆಗುತ್ತದಾ ಎಂದು.

"ಆಯ್ತದೆ. ಒಂದ್ಸಲ. ಆದ್ರೆ ಅವ್ಳು ಬಾಯೇ ಬುಡಲ್ಲ ಅಜ್ಜಿ. ಒಂದು ರೊಟ್ಟಿ ಚೂರು ಮುಂದಕ್ಕೆ ಇಡೀತಾಳೆ, ತಿಂತೀಯಾ ಇಲ್ವಾ ಅಂತ ಕೇಳ್ತದೆ. ಅಲ್ಲೇ ನಿಲ್ಸಿದ್ದೀನಿ. ಬ್ಯಾಡ ಅನ್ನೋದು ಅಂತ ಎಲ್ರೂ ತೀರ್ಮಾನ ಮಾಡಿದ್ದೀವಿ. ವಿಸ ಆಕಿದ್ರೆ?"

ನಾನು ಇದನ್ನು ಗುಂಪಿನಲ್ಲಿ ಬರೆಯಲಿಲ್ಲ. ಬರೆದಿದ್ದರೆ ಆ ಮಳವಳ್ಳಿ ಹುಡುಗಿ ಪಟಪಟನೆ ಹತ್ತು ಉತ್ತರ ಹುರಿದು ಹಾಕುತ್ತಿದ್ದಳು. ಇದು ಟೈಪು ಮಾಡಿ ಗೆಲ್ಲುವಂಥದ್ದಲ್ಲ ಎಂದು ತಿಳಿದು, ಅವರೆಕಾಳು ನೆನೆಹಾಕಿದೆ.

ಭಾನುವಾರ ಬೆಳಗಿನಿಂದ ಕೂತು ಕಾಳು ಹಿತುಕಿದೆ. ಹಿತುಕಿದ ಬೇಳೆ ಸಾರು ಮಾಡಿ, ಒಗ್ಗರಣೆಯನ್ನು ಬೇಕೆಂದೇ ಅವರು ಬರುವ ಹೊತ್ತಿಗೆ ಹಾಕಿದೆ. ಮದ್ದೂರಿನವನು ಬೈಕಿನಲ್ಲಿ ಬಂದ. ಮಳವಳ್ಳಿಯವಳು ಬಸ್ಸಿಳಿದು ನಡೆದು ಬಂದಳು. ಗುಂಪಿನಲ್ಲಿ ಅಷ್ಟು ಖಾರವಾಗಿ ಬರೆಯುವವಳು ನೋಡಿದರೆ ನನ್ನ ಹೆಗಲಿಗೂ ಬರುವುದಿಲ್ಲ. ಚಪ್ಪಲಿ ಬಿಟ್ಟು, ಕಾಲು ತೊಳೆದು, ತಲೆ ಬಗ್ಗಿಸಿ ಒಳಗೆ ಬಂದರು.

"ಬನ್ರವ್ವ, ಮುದ್ದೆ ಆಗದೆ. ಮೊದ್ಲು ಉಂಡ್ಕಂಡು ಆಮ್ಯಾಕೆ ಆಡ್ಕಳಿ," ಅಂದೆ.

"ಅಯ್ಯೋ ಬ್ಯಾಡಿ ಅಜ್ಜಿ, ಈಗ್ತಾನೆ ತಿನ್ಕಂಡ್ ಬಂದೆ," ಅಂದಳು ಮಳವಳ್ಳಿಯವಳು.

"ನಂಗೂ ಬ್ಯಾಡಿ ಅಜ್ಜಿ, ಒಟ್ಟೆ ತುಂಬದೆ," ಅಂದ ಮದ್ದೂರಿನವನು.

"ಸರಿ," ಅಂದೆ. ಸಾರಿನ ಪಾತ್ರೆಗೆ ಮುಚ್ಚಳ ಮುಚ್ಚಿದೆ. ಬಂದು ಗೋಡೆಗೊರಗಿ ಕೂತೆ.

ಸೊಸೆ ಅಡುಗೆಮನೆ ಬಾಗಿಲಲ್ಲಿ ಕಲ್ಲಾಗಿ ನಿಂತಿದ್ದಳು. ಈ ಮನೆಗೆ ಅವಳು ಕಾಲಿಟ್ಟಾಗಿನಿಂದ ಬಂದವರನ್ನು ನಾನು ಹೀಗೆ ಬಿಟ್ಟಿದ್ದನ್ನು ಕಂಡಿಲ್ಲ. "ಅತ್ತೆ, ಇನ್ನೊಂದ್ಸಲ ಕೇಳಿ," ಎಂದು ಬಾಯಲ್ಲೇ ಅಂದಳು. ನಾನು ಕಾಣದವಳಂತೆ ಟಿ.ವಿ. ನೋಡಿದೆ.

ಮೊಮ್ಮಗಳು ಆಟ ಹಾಕಿದಳು. ವಾದ ಶುರುವಾಯಿತು. ಮಳವಳ್ಳಿಯವಳು ಆ ರಾಜಕುಮಾರನನ್ನು ಕಾಡಿನಿಂದ ಎಷ್ಟು ಕಷ್ಟಪಟ್ಟು ತಂದೆವೆಂದು ಹೇಳುತ್ತಿದ್ದರೆ ನಿಜವಾಗಲೂ ಅವಳ ಕಣ್ಣು ಒದ್ದೆಯಾಯಿತು. ತೋಳಗಳ ಕೈಯಿಂದ ಬಿಡಿಸಿದ್ದು ಅವಳ ಉಪಾಯವಂತೆ. ಅವಳ ಸಿಟ್ಟು ಸುಳ್ಳು ಸಿಟ್ಟಲ್ಲ ಎಂದು ನನಗೆ ಅವತ್ತೇ ತಿಳಿದದ್ದು. ಆದರೂ ಮಾತಿನ ನಡುವೆ ಅವಳ ಕಣ್ಣು ಎರಡು ಸಲ ಅಡುಗೆಮನೆ ಕಡೆ ಹೋಯಿತು. ಮದ್ದೂರಿನವನದು ಅಲ್ಲಿಂದ ಬರಲೇ ಇಲ್ಲ. ಅವನ ಹೊಟ್ಟೆ ಗುರ್ ಅಂದದ್ದು ಎಲ್ಲರಿಗೂ ಕೇಳಿಸಿತು.

"ತೋಳನಾ?" ಅಂದೆ.

ಮೊಮ್ಮಗಳು ಕಿಸಕ್ಕನೆ ನಕ್ಕಳು. ಹುಡುಗ ತಡೆಯಲಾರದೆ ಬಾಯಿಬಿಟ್ಟ. "ಅಜ್ಜಿ... ಸಾರು ಗಮ್ಮಂತದೆ."

"ಗಮ್ಮಂದ್ರೆ ನಿಂಗೇನ್ಲಾ? ನಿಂಗೆ ಬ್ಯಾಡ ಅಲ್ವಾ."

"ಅದು... ಸುಮ್ನೆ ಅಂದೆ ಅಜ್ಜಿ."

"ನೀನೇನವ್ವ? ನೀನೂ ಸುಮ್ನೆ ಅಂದ್ಯಾ?"

ಮಳವಳ್ಳಿಯವಳು ದುಪಟ್ಟದ ತುದಿ ಸುತ್ತುತ್ತಾ, "ಇನ್ನೊಂದ್ಸಲ ಕೇಳ್ತೀರೇನೋ ಅನ್ಕಂಡಿದ್ದೆ," ಅಂದಳು. "ಬೆಳಿಗ್ಗಿಂದ ಏನೂ ತಿಂದಿಲ್ಲ ಅಜ್ಜಿ. ಬಸ್ಸು ತಪ್ಪೋಯ್ತದೆ ಅಂತ ಅಂಗೇ ಬಂದ್ಬುಟ್ಟೆ."

"ನಾನು ಕೇಳ್ನಿಲ್ಲ. ಈಗ ನನ್ನ ಬಗ್ಗೆ ಏನನ್ಕಂಡೆ? ಅದ್ನ ಏಳು. ನಾಚ್ಕಬ್ಯಾಡ."

"...ಜಿಪುಣಿ ಅನ್ಕಂಡೆ."

"ನಾನು ನಿನ್ನ ಬಗ್ಗೆ ಏನನ್ಕಬೋದು? ನಮ್ಮನೆ ಊಟ ಇವ್ಳಿಗೆ ಆಗಲ್ಲ, ಏನೋ ಮನ್ಸಲ್ ಇಟ್ಕಂಡ್ ಬಂದವ್ಳೆ ಅಂತ. ಇಬ್ರೂ ತಪ್ಪು ಮಾಡಿಲ್ಲ. ಇಬ್ರೂ ಒಬ್ರುನ್ನೊಬ್ರು ಕೆಟ್ಟೋರು ಅನ್ಕಂಡು ಕುಂತಿದ್ದೀವಿ. ಒಳೆಯಾಚೆ ಗುಡ್ಸಲಲ್ಲಿ ನಡ್ದುದ್ದೂ ಇದೇ ಕಣ್ರವ್ವ. ನಮ್ಮೂರಲ್ಲಿ ಮೂರ್ಸಲ ಕೇಳ್ತೀವಿ. ಅವ್ಳೂರಲ್ಲಿ ಒಂದೇ ಸಲ ಕೇಳ್ತರೋ ಏನೋ! ಈಗ ಜೈಲಲ್ಲಿ ಇನ್ನೊಂದ್ಸಲ ರೊಟ್ಟಿ ಇಡ್ಕಂಡ್ ನಿಂತವ್ಳೆ. ತಿನ್ನಿ."

ಮೊಮ್ಮಗಳ ಮುಖ ಬಾಡಿತ್ತು. "ವಿಸ ಇದ್ರೆ ಸತ್ತೋಗ್ತೀನಿ ಅಜ್ಜಿ. ದೀಪಾವಳಿಯಿಂದ ಆಡಿರೋದೆಲ್ಲಾ ಓಯ್ತದೆ. ಮೊದ್ಲಿಂದ ಶುರು."

"ಓಗೋದಾದ್ರೆ ಓಗ್ಲಿ. ಒಂದ್ ಮಾತೂ ಕೇಳ್ದೆ ಒಬ್ಳನ್ನ ನೇಣಾಕೋ ಕಥೆನ ಇನ್ನೇನ್ ಮುಂದುಕ್ ಆಡೋದು?"

ಮದ್ದೂರಿನವನು ತಿನ್ನೋಣ ಅಂದ. ಅವನಿಗೆ ಆ ಹೊತ್ತಿನಲ್ಲಿ ಯಾರು ಏನು ಕೊಟ್ಟರೂ ತಿನ್ನುವುದೇ ಸರಿ ಅನ್ನಿಸಿರಬೇಕು. ಮೊಮ್ಮಗಳು ಮಳವಳ್ಳಿಯವಳ ಮುಖ ನೋಡಿದಳು. ಅವಳು ಬಹಳ ಹೊತ್ತು ಪರದೆಯ ಮೇಲಿನ ರೊಟ್ಟಿ ಚೂರನ್ನೇ ನೋಡುತ್ತಿದ್ದು, "ಒತ್ತು," ಅಂದಳು.

ಮೊಮ್ಮಗಳು ಕಣ್ಣು ಮುಚ್ಚಿಕೊಂಡೇ ಒತ್ತಿದಳು. ಬಿಲ್ಲಿನ ಹುಡುಗಿ ರೊಟ್ಟಿ ತೆಗೆದುಕೊಂಡು ಕಚ್ಚಿದಳು. ಏನೂ ಆಗಲಿಲ್ಲ. ಅಷ್ಟು ದಿನ ತುಟಿ ಬಿಚ್ಚದ ಮುದುಕಿ ತಲೆ ಎತ್ತಿದಳು. ಅವಳು ಹೇಳುತ್ತಾ ಹೋದಳು, ಮೊಮ್ಮಗಳು ತಡೆದು ತಡೆದು ನಮ್ಮ ಮಾತಿಗೆ ತಂದಳು.

"ಆವತ್ತೇ ಕುಡ್ದಿದ್ರೆ ಆಗ್ತಿತ್ತಲ್ಲೇ ಕೂಸು... ರಕ್ತ ಸುರಿಯೋ ಮಗಾನ ಕುದ್ರೆ ಮ್ಯಾಲೆ ಎಳ್ಕಂಡ್ ಬಂದೆ. ಗಂಜಿ ಕೊಟ್ರೆ ಬ್ಯಾಡ ಅಂದೆ. ನಮ್ ಕಡೆ ಒಲೆ ಮುಂದೆ ಕುಂತು ಬ್ಯಾಡ ಅನ್ನೋರು ಕೇಡು ಬಯಸ್ದೋರು. ನೀನೇ ಬಾಣ ಬುಟ್ಟಿದ್ದೀಯ ಅನ್ಕಂಡೆ. ಎಂಗಪ್ಪಾ ಇವ್ಳಿಂದ ಉಳಿಸ್ಕಳದು ಅಂತ ಇದ್ದಾಗ ಸೈನಿಕ್ರು ಬಂದ್ರು. ಬಾವುಟದ್ ಮ್ಯಾಲೆ ಅವ್ರಪ್ಪನ ಗುರ್ತು, ರೆಕ್ಕೆ ಬಿಚ್ಚಿದ ಅದ್ದು, ಇತ್ತು. ರಾಜ ಬದ್ಲಾಗವ್ನೆ ಅಂತ ಈ ಕಾಡಲ್ಲಿ ನಂಗ್ಯಾರ್ ಏಳ್ತರೆ? ಅವ್ರ ಜೊತೆ ಕಳಿಸ್ದೆ. ಓಗುವಾಗ ಶಾಲು ತಗ್ದು ನನ್ ಎಗಲ್ ಮ್ಯಾಲೆ ಒದುಸ್ದ. ವಾಸಿ ಆದ್ಮ್ಯಾಕೆ ಬಂದು ಈಸ್ಕತೀನಿ ಅಂದ. ತೂತು ಒಲ್ದು ಮಡ್ಗಿದ್ದೆ. ಬತ್ತಾನೆ ಅಂತ ದಿನಾ ಒಂದ್ ಬಟ್ಲು ಮುಚ್ಚಿ ಮಡ್ಗ್ತಿದ್ದೆ."

ಮೊದಲು ಬಾಯಿಬಿಟ್ಟವಳು ಮಳವಳ್ಳಿಯವಳೇ.

"ನೋಡಿ ಅಜ್ಜಿ! ಕೊಟ್ಟವ್ಳೆ ತಾನೇ? ಬಚ್ಚಿಟ್ಟವ್ಳೆ, ನೆಲದಡಿ ಮಡ್ಗವ್ಳೆ ಅಂದ್ರಲ್ಲ, ಎಲ್ಲವ್ನೆ?"

ಅದು ನಿಜ. ಶನಿವಾರ ಬೆಳಿಗ್ಗೆಯೆಲ್ಲ ಬೆರಳು ಸವೆಸಿ ಬರೆದ ನನ್ನ ನೆಲದಡಿ ಮನೆ ಪೂರ್ತಿ ಕುಸಿದು ಬಿದ್ದಿತ್ತು. "ಅದ್ರಲ್ಲಿ ಸೋತೆ," ಅಂದೆ. "ಅವ್ಳು ಕೊಟ್ಟುದ್ದು ನಿಜ."

"ಮತ್ತೆ? ಅವ್ಳ ಮನ್ಸು ಒಳ್ಳೇದಿತ್ತು ಅಂದ ಮಾತ್ರಕ್ಕೆ ಅವನೇನು ವಾಪಸ್ ಬತ್ತಾನಾ?"

"ಬರಲ್ಲ. ಇವ್ಳನ್ನ ನೇಣಾಕುದ್ರೆ ಬತ್ತಾನಾ?"

"ನ್ಯಾಯ ಅಂತ ಒಂದ್ ಬ್ಯಾಡ್ವಾ ಅಜ್ಜಿ? ತಪ್ಪಿಗೆ ಸಿಕ್ಸೆ ಆಗ್ಬೇಕು."

"ಆಗ್ಲಿ ಕಣವ್ವ. ಆದ್ರೆ ಪೂರ್ತಿ ಆಗ್ಲಿ. ಗಂಜಿ ಬ್ಯಾಡ ಅಂದೋಳೊಬ್ಳು ಅವ್ಳೆ. ಅವ್ಳ ಮನ್ಸೂ ಒಳ್ಳೇದೇ ಇತ್ತು. ಅದ್ರಿಂದ್ಲೇ ಇಷ್ಟೆಲ್ಲಾ ಆಯ್ತು. ಅವ್ಳಿಗೇನ್ ಸಿಕ್ಸೆ ಕೊಡ್ತೀಯ?"

ಇಬ್ಬರೂ ಮೊಮ್ಮಗಳ ಕಡೆ ತಿರುಗಿದರು. ಅವಳು ಗುಂಡಿಯ ಹಿಡಿಯನ್ನು ಎದೆಗೊತ್ತಿಕೊಂಡು, "ನನ್ನ ಯಾಕ್ ಇಂಗ್ ನೋಡ್ತೀರಾ? ಅಜ್ಜೀನೇ ಬೇಷ್ ಅಂದಿದ್ದು!" ಎಂದು ಕೂಗಿದಳು. "ಔದು, ನಾನೂ ಅಂದೆ. ನನ್ನೂ ಸೇರ್ಸಿ ನೇಣಾಕಿ," ಅಂದೆ. ಮದ್ದೂರಿನವನು ಬಿದ್ದು ಬಿದ್ದು ನಕ್ಕ. ಮಳವಳ್ಳಿಯವಳು ನಗಲಿಲ್ಲ. ಅವಳು ಯೋಚಿಸುತ್ತಿದ್ದಳು. ಆ ಹುಡುಗಿಯ ಬಗ್ಗೆ ನನಗೆ ಇಷ್ಟವಾದದ್ದು ಅದೇ.

ಹುಡುಗ ಬಿಡುಗಡೆ ಅಂದ. ಮೊಮ್ಮಗಳು ಬಿಡುಗಡೆ ಅಂದಳು. ಮೂರಕ್ಕೆ ಎರಡು ಬಿದ್ದಾಗಿತ್ತು, ಲೆಕ್ಕದ ಪ್ರಕಾರ ಮುಗಿದಿತ್ತು. ಆದರೂ ಮೊಮ್ಮಗಳು ಒತ್ತದೆ ಕಾದಳು.

"ಬುಡ್ತೀನಿ," ಅಂದಳು ಕೊನೆಗೆ ಮಳವಳ್ಳಿಯವಳು. "ಆದ್ರೆ ಕ್ಸಮಿಸಿಲ್ಲ. ಅವನು ಸಿಗೋಗಂಟ ಕ್ಸಮಿಸಲ್ಲ."

"ಅದು ನಿನ್ನಿಷ್ಟ ಮಗ. ನೇಣಿಂದ ಕೆಳಗಿಳಿಸು, ಸಾಕು."

ಮೊಮ್ಮಗಳು ಒತ್ತಿದಳು. ಸೆರೆಮನೆಯ ಬಾಗಿಲು ತೆರೆಯಿತು. ಮುದುಕಿ ಯಾರಿಗೂ ಕೈ ಮುಗಿಯಲಿಲ್ಲ, ಅಳಲೂ ಇಲ್ಲ. ಕೆಂಪು ಶಾಲು ಸರಿಮಾಡಿಕೊಂಡು, ಮಂಜಿನೊಳಗೆ ತನ್ನ ಗುಡಿಸಿಲಿನ ಕಡೆ ನಡೆದಳು. ಒಲೆ ಆರಿಹೋಗಿರುತ್ತದಲ್ಲ, ಪಾಪ, ಎಂದು ನನಗೆ ಯೋಚನೆಯಾಯಿತು.

ಆಮೇಲೆ ನಾನು ಎದ್ದು, "ಬಡಿಸ್ಲಾ?" ಅಂದೆ, ಒಂದೇ ಸಲ.

"ಊಂ, ಬಡಿಸಿ!" ಎಂದು ಮೂವರೂ ಒಟ್ಟಿಗೆ ಕೂಗಿದ ಸದ್ದಿಗೆ ಹಿತ್ತಿಲಿನಲ್ಲಿದ್ದ ನಾಯಿ ಎದ್ದು ನಿಂತಿತು. ಸೊಸೆಗೆ ಹೋದ ಜೀವ ಬಂದಂತಾಗಿ ದಡದಡ ತಟ್ಟೆ ಹಾಕಿದಳು. ಮಳವಳ್ಳಿಯವಳು ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ನುಂಗುವುದನ್ನು ನೋಡಿದರೆ ಹೊಟ್ಟೆ ತುಂಬುತ್ತಿತ್ತು. ತಟ್ಟೆ ಖಾಲಿಯಾದಾಗ, "ಇನ್ನೊಂದು ಮುದ್ದೆ?" ಅಂದೆ.

"ಬ್ಯಾ..." ಎಂದು ಅಭ್ಯಾಸದಲ್ಲಿ ಶುರು ಮಾಡಿದವಳು, ನನ್ನ ಕೈ ಮುಚ್ಚಳದ ಕಡೆ ಹೋದದ್ದು ಕಂಡು, "ಆಕಿ ಅ‌ಜ್ಜಿ, ಆಕಿ, ಆಕಿ!" ಎಂದು ತಟ್ಟೆಯನ್ನೇ ಎತ್ತಿ ಹಿಡಿದಳು.

ಬಸ್ಸು ಹತ್ತಿಸಲು ಹೋದಾಗ ಅವಳೇ ಮೊಮ್ಮಗಳಿಗೆ, "ಇನ್ಮ್ಯಾಲೆ ನಿಮ್ಮಜ್ಜಿಗೂ ಒಂದ್ ಓಟು," ಅಂದಳಂತೆ.

ಇದು ನಡೆದು ಕೆಲವು ದಿನವಾಯಿತು. ಈಗ ಒತ್ತಕ್ಷರ ಎಲ್ಲಿದೆಯೆಂದು ನನ್ನ ಬೆರಳಿಗೆ ಗೊತ್ತು. ಇದಿಷ್ಟನ್ನೂ ಜಗುಲಿ ಮೇಲೆ ಕೂತು ಫೋನಿನಲ್ಲೇ ಮುಟ್ಟಿ ಮುಟ್ಟಿ ಬರೆದಿದ್ದೇನೆ. ಬರೆಯುತ್ತಿರುವಾಗಲೇ ಪರದೆಯ ಮೇಲಿನಿಂದ ಮಳವಳ್ಳಿಯವಳ ಮೆಸೇಜು ಇಳಿಯಿತು.

"ಅಜ್ಜಿ, ಹೊಸ ರಾಣಿ ಒಬ್ಬಳು ಬಂದವ್ಳೆ. ರಾಜ್ಕುಮಾರ ಎಲ್ಲವ್ನೆ ಅಂತ ನಂಗೊತ್ತು ಅಂತಾಳೆ. ಅವಳ ಮೇಲೆ ನಂಗೆ ಅನುಮಾನ. ಸುಳ್ಳಿ ಥರ ಕಾಣ್ತಾಳೆ. ಕೋಟೆ ಬಾಗಿಲು ಮುಚ್ಚಿಬಿಡೋಣ ಅಂತ ನನ್ನ ಓಟು. ನಿಮ್ಮದು?"

ಬರೆಯುತ್ತಿದ್ದುದನ್ನು ಬಿಟ್ಟು ಗುಂಪಿಗೆ ಹೋದೆ. ಒಂದೊಂದೇ ಅಕ್ಷರ ಮುಟ್ಟಿ, ತಪ್ಪಿದ್ದನ್ನು ಅಳಿಸಿ, ಈ ಸಲ ಪೂರ್ತಿ ಮುಗಿಸಿಯೇ ಕಳಿಸಿದೆ:

"ಅವಳನ್ನ ಕೇಳಿದ್ರಾ?"